ಕಾರ್ಗಿಲ್ ವರ್ಷದ ಬಾಸ್ಕೆಟ್‌ಬಾಲ್

1999ರ ಜನವರಿಯಲ್ಲಿ ಡೆಹ್ರಾಡೂನ್ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಕಪ್ಪು ಟ್ರಂಕಿನಲ್ಲಿ ಎರಡು ಜೊತೆ ಕ್ಯಾನ್ವಾಸ್ ಶೂ ಇದ್ದವು. ಒಂದು ಪಿಟಿಗೆ, ಒಂದು ಬಾಸ್ಕೆಟ್‌ಬಾಲ್‌ಗೆ. ಅವೆರಡರ ನಡುವೆ ಅವ್ವ ತುರುಕಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ದಾರಿಯಲ್ಲೆಲ್ಲೋ ಮುಚ್ಚಳ ಬಿಚ್ಚಿಕೊಂಡಿತ್ತು. ಆಟದ ಶೂಗೆ ಹತ್ತಿದ ಬೆಳ್ಳುಳ್ಳಿ ವಾಸನೆ ಆ ಟರ್ಮ್ ಪೂರ್ತಿ ಹೋಗಲಿಲ್ಲ. ಕಂಪನಿಯಲ್ಲಿ, ಅಂದರೆ ಸೇನಾ ಅಕಾಡೆಮಿಯ ನಮ್ಮ ಕೆಡೆಟ್ ತುಕಡಿಯಲ್ಲಿ, ನನಗೆ ಅಡ್ಡಹೆಸರು ಬಿದ್ದದ್ದೂ ಅದರಿಂದಲೇ. ಲಹ್ಸುನ್.

ಬಾಸ್ಕೆಟ್‌ಬಾಲ್ ಹುಚ್ಚು ಹತ್ತಿದ್ದು ಬಿಜಾಪುರದ ಸೈನಿಕ ಶಾಲೆಯಲ್ಲಿ. ಏಪ್ರಿಲ್ ಬಿಸಿಲಿಗೆ ಅಲ್ಲಿನ ಸಿಮೆಂಟ್ ಕೋರ್ಟ್ ಹಂಚಿನ ಹಾಗೆ ಕಾಯುತ್ತಿತ್ತು. ಆಮೇಲೆ ಖಡಕ್ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ, ಅಂದರೆ ಎನ್‌ಡಿಎಯಲ್ಲಿ, ಮೂರು ವರ್ಷ. ಅಲ್ಲಿ ಮುಗಿಸಿ ಭೂಸೇನೆಗೆ ಹೋಗುವವರು ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ, ಅಂದರೆ ಐಎಂಎಯಲ್ಲಿ, ಇನ್ನೊಂದು ವರ್ಷ ಕಳೆಯಬೇಕು. ಎರಡು ಟರ್ಮ್. ಜೂನ್‌ನಲ್ಲಿ ಒಂದು ಬ್ಯಾಚ್, ಡಿಸೆಂಬರ್‌ನಲ್ಲಿ ಇನ್ನೊಂದು ಬ್ಯಾಚ್ ಆಫೀಸರ್ ಆಗಿ ಹೊರಬೀಳುತ್ತದೆ. ನಮ್ಮದು ಡಿಸೆಂಬರ್ ಬ್ಯಾಚ್.

ಅಲ್ಲಿನ ಬೆಟಾಲಿಯನ್‌ಗಳಿಗೆ ದೊಡ್ಡ ಸೇನಾನಿಗಳ ಹೆಸರು. ಒಂದು ಕಾರ್ಯಪ್ಪ, ಒಂದು ತಿಮ್ಮಯ್ಯ. ನಮ್ಮ ಕಂಪನಿಯಲ್ಲಿ ಕೊಡಗಿನ ಹುಡುಗನೊಬ್ಬ ಇದ್ದ. "ಇಷ್ಟು ದೊಡ್ಡ ದೇಶ, ಎರಡು ಬೆಟಾಲಿಯನ್ ಹೆಸರು ನಮ್ಮ ಪುಟ್ಟ ಜಿಲ್ಲೆಯದು. ನಿಮ್ಮ ಬಯಲುಸೀಮೆಯವರು ಏನು ಮಾಡ್ತಿದ್ರಿ?" ಅಂತ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ. ಹಾಕಿ ಆಡುವವನು. ಬಾಸ್ಕೆಟ್‌ಬಾಲ್ ಅಂದರೆ ಅವನಿಗೆ ಮಕ್ಕಳು ಬುಟ್ಟಿಗೆ ಕಲ್ಲೆಸೆಯುವ ಆಟ. ನಮ್ಮಿಬ್ಬರ ಕನ್ನಡವೂ ಬೇರೆ ಬೇರೆ. ಆದರೂ ರಾತ್ರಿ ಮೆಸ್‌ನಿಂದ ವಾಪಸ್ ಬರುವಾಗ ಕನ್ನಡದಲ್ಲಿ ನಾಲ್ಕು ಮಾತು ಆಡದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಸೀಸನ್ ಅಂದರೆ ಇಂಟರ್ ಕಂಪನಿ ಪಂದ್ಯಗಳು. ಹೊರಗಿನವರಿಗೆ ಇದು ಚಿಲ್ಲರೆ ವಿಷಯ. ನಮಗೆ ಅದೇ ಪ್ರಾಣ. ಓಟ, ಬಾಕ್ಸಿಂಗ್, ಡ್ರಿಲ್, ಫುಟ್‌ಬಾಲ್, ಎಲ್ಲದಕ್ಕೂ ಪಾಯಿಂಟ್. ಆ ಪಾಯಿಂಟ್‌ಗಳು ಸೇರಿ ಕಂಪನಿಯ ಮಾನ. ಬೆಳಿಗ್ಗೆ ಪಿಟಿ, ಡ್ರಿಲ್, ಆಮೇಲೆ ಕ್ಲಾಸು, ಫೈರಿಂಗು. ಇಷ್ಟಾದ ಮೇಲೆ ಸಂಜೆ ಸಿಗುವ ಒಂದು ಗಂಟೆಯಲ್ಲಿ ಬಾಸ್ಕೆಟ್‌ಬಾಲ್. ಕಾಲಿಗೆ ಶಕ್ತಿ ಅನ್ನುವುದು ಅಷ್ಟು ಹೊತ್ತಿಗೆ ಉಳಿದಿರುತ್ತಿರಲಿಲ್ಲ. ಹಾಗಾಗಿ ಅಲ್ಲಿ ಗೆಲ್ಲುತ್ತಿದ್ದದ್ದು ಚೆನ್ನಾಗಿ ಆಡುವ ಟೀಮಲ್ಲ, ಕಡಿಮೆ ಸುಸ್ತಾದ ಟೀಮು.

ಟೀಮಿನ ಕ್ಯಾಪ್ಟನ್ ನಮಗಿಂತ ಒಂದು ಟರ್ಮ್ ಮುಂದಿದ್ದ ಪಂಜಾಬಿನವರು. ಆರಡಿ ಮೂರಿಂಚು. ಎಲ್ಲರಿಗೂ ಲಂಬೂ, ನಮಗೆ ಲಂಬೂ ಸರ್. ಟೀಮ್ ಆಯ್ಕೆ ಮಾಡಲು ಅವರು ಆಟ ನೋಡಲಿಲ್ಲ. ಜೂನಿಯರ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೋರ್ಟನ್ನು ಇಪ್ಪತ್ತು ಸಲ ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ನಿಂತಲ್ಲಿಂದ ಬುಟ್ಟಿಗೆ ಎಸೆತ, ಹಾಕಿಸಿದರು. ನಾನು ಹತ್ತರಲ್ಲಿ ನಾಲ್ಕು ಹಾಕಿದೆ. ಉಳಿದವರು ಅದಕ್ಕಿಂತ ಕಡಿಮೆ. ಹಾಗೆ ನಾನು ಗಾರ್ಡ್ ಆದೆ, ಒಂಬತ್ತನೇ ನಂಬರ್ ಬನಿಯನ್ ಸಿಕ್ಕಿತು. ಆಗೆಲ್ಲ ನಂಬರ್ 4ರಿಂದ 15ರವರೆಗೆ ಮಾತ್ರ. ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಹಾಫ್, ಶಾಟ್ ಹಾಕಲು ಮೂವತ್ತು ಸೆಕೆಂಡ್. ಈಗಿನ ಹುಡುಗರಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ.

"ಹತ್ತರಲ್ಲಿ ನಾಲ್ಕು ಯಾಕೆ ಗೊತ್ತಾ?" ಅಂದರು ಲಂಬೂ ಸರ್. ನನ್ನ ಬಲ ಮೊಣಕೈಯನ್ನು ಎರಡು ಬೆರಳಿನಿಂದ ಹಿಡಿದು ಪಕ್ಕೆಗೆ ಒತ್ತಿದರು. "ಇದು ಹೊರಗೆ ಹಾರುತ್ತೆ. ಕೋಳಿ ರೆಕ್ಕೆ. ಒಳಗಿಡು."

ಆ ನಾಲ್ಕು ತಿಂಗಳು ದಿನಾ ಸಂಜೆ ಕೇಳಿದ್ದು ಇದೊಂದೇ. ಮೊಣಕೈ ಒಳಗೆ. ಕ್ರಾಸ್ ಕಂಟ್ರಿ ಓಡುವಾಗ ಪಕ್ಕದಲ್ಲಿ ಬಂದರೂ ಅದೇ. ಒಮ್ಮೆ ಮೆಸ್‌ನಲ್ಲಿ ನಾನು ಚಮಚ ಎತ್ತುತ್ತಿದ್ದಾಗಲೂ ದೂರದ ಟೇಬಲ್ಲಿನಿಂದ ತಮ್ಮ ಮೊಣಕೈ ತಟ್ಟಿ ತೋರಿಸಿದರು.

ಮೇ ತಿಂಗಳ ಹೊತ್ತಿಗೆ ಲೀಗ್‌ನಲ್ಲಿ ನಾವು ಮೂರು ಗೆದ್ದು ಒಂದು ಸೋತಿದ್ದೆವು. ಮಿಕ್ಕ ಪಂದ್ಯಗಳು ಮುಂದಿನ ಟರ್ಮಿಗೆ. ಕಾರ್ಗಿಲ್ ಅನ್ನುವ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆ ತಿಂಗಳ ಕೊನೆಗೆ. ಗುಡ್ಡದ ಮೇಲೆ ಅಪರಿಚಿತರು ಬಂದು ಕೂತಿದ್ದನ್ನು ಕುರಿಗಾಹಿಗಳು ಮೇ ಆರಂಭದಲ್ಲೇ ನೋಡಿ ತಿಳಿಸಿದ್ದರಂತೆ. ನಮಗೆ ಅದೆಲ್ಲ ಗೊತ್ತಾದದ್ದು ಆಮೇಲೆ. ಮೊದಮೊದಲು ಇದು ನಾಲ್ಕು ದಿನದ ಗಲಾಟೆ ಅಂದುಕೊಂಡಿದ್ದೆವು. ಮೇ 26ರಂದು ವಾಯುಪಡೆ ಇಳಿಯಿತು. ಮರುದಿನವೇ ನಮ್ಮ ಎರಡು ವಿಮಾನ ಬಿದ್ದವು. ಅವತ್ತು ರಾತ್ರಿ ಆಂಟಿರೂಮಿನ ಟಿವಿ ಮುಂದೆ ಕೂರಲು ಜಾಗವಿರಲಿಲ್ಲ, ಆದರೂ ಒಬ್ಬರೂ ಮಾತಾಡಲಿಲ್ಲ. ಜೂನಿಯರ್‌ಗಳಾದ ನಾವು ಟಿವಿ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸೀನಿಯರ್‌ಗಳ ಕತ್ತಿನ ಹಿಂಭಾಗ ನೋಡುತ್ತಿದ್ದೆವು. ಇನ್ನು ಕೆಲವೇ ದಿನಗಳಲ್ಲಿ ಇವರು ಆಫೀಸರ್‌ಗಳು.

ಒಂದು ವಿಷಯ ಮುಚ್ಚಿಡದೆ ಹೇಳಿಬಿಡುತ್ತೇನೆ. ಆ ರಾತ್ರಿ ಮಲಗಿದಾಗ ನಾನು ಯೋಚಿಸಿದ್ದು ವಿಮಾನದ ಬಗ್ಗೆಯಲ್ಲ. ಲಂಬೂ ಸರ್ ಹೋದ ಮೇಲೆ ರೀಬೌಂಡ್, ಅಂದರೆ ರಿಂಗಿಗೆ ತಗುಲಿ ವಾಪಸ್ ಬರುವ ಬಾಲ್, ಹಿಡಿಯುವವರು ಯಾರು ಅಂತ. ಇಪ್ಪತ್ತೊಂದು ವಯಸ್ಸಿನ ತಲೆ ಹಾಗೇ ಇರುತ್ತದೋ, ನಾನೇ ಹಾಗಿದ್ದೆನೋ.

ಜೂನ್‌ನಲ್ಲಿ ಅವರ ಪಾಸಿಂಗ್ ಔಟ್ ಪರೇಡ್. ಚೆಟ್‌ವುಡ್ ಕಟ್ಟಡದ ಮುಂದೆ ಸ್ಲೋ ಮಾರ್ಚ್‌ನಲ್ಲಿ ಸಾಗಿ, ಮೆಟ್ಟಿಲು ಹತ್ತಿ, 'ಅಂತಿಮ್ ಪಗ್' ಅನ್ನುವ ಕೊನೆಯ ಹೆಜ್ಜೆಯ ಗೆರೆ ದಾಟಿದರೆ ಕೆಡೆಟ್ ಬದುಕು ಮುಗಿಯಿತು. ಆಮೇಲೆ ಅಪ್ಪ ಅಮ್ಮ ಬಂದು ಹೆಗಲ ಮೇಲಿನ ನಕ್ಷತ್ರ ಮುಚ್ಚಿದ ಬಟ್ಟೆ ಬಿಚ್ಚುತ್ತಾರೆ. ಲಂಬೂ ಸರ್ ತಾಯಿಗೆ ಮಗನ ಹೆಗಲು ಎಟುಕಲಿಲ್ಲ. ಇವರು ಮೊಣಕಾಲು ಬಗ್ಗಿಸಿ ನಿಂತರು. ಬೇರೆ ವರ್ಷವಾಗಿದ್ದರೆ ಅಲ್ಲಿ ಬರೀ ನಗು, ಫೋಟೋ. ಈ ಸಲ ತಾಯಂದಿರು ಮಕ್ಕಳ ತೋಳು ಬಿಡುತ್ತಲೇ ಇರಲಿಲ್ಲ.

ನಾನು ದೂರದಲ್ಲಿ ಸೆಲ್ಯೂಟ್ ಹೊಡೆದು ನಿಂತಿದ್ದೆ. ಅವರೇ ಬಂದರು. ಜೇಬಿನಿಂದ ಪುಟ್ಟ ಕಾಗದದ ಪೊಟ್ಟಣ ತೆಗೆದು ಕೊಟ್ಟರು. ಒಳಗೆ ಬಾಲ್‌ಗೆ ಗಾಳಿ ತುಂಬುವ ಸೂಜಿ. "ಬಾಲ್ ಸ್ಟೋರಿನಲ್ಲಿ ಸಿಗುತ್ತೆ, ಪಂಪೂ ಸಿಗುತ್ತೆ. ಇದು ಎಲ್ಲೂ ಸಿಗಲ್ಲ. ಕಳೆದು ಹಾಕಿದರೆ ಬಂದು ಒದೀತೀನಿ." ನಾನು ಕ್ಯಾಪ್ಟನ್ ಆದದ್ದು ಹೀಗೆ. ಬೇರೆ ಯಾರೂ ಏನೂ ಹೇಳಲಿಲ್ಲ.

ಆಮೇಲೆ ಕೆಲವು ವಾರ ರಜೆ. ಗದಗಿನ ಮನೆಯಲ್ಲಿ ಅಪ್ಪ ಪೇಪರಿನ ಕಾರ್ಗಿಲ್ ನಕ್ಷೆಗಳನ್ನೆಲ್ಲ ಕತ್ತರಿಸಿ, ತಮ್ಮ ಹಳೇ ಹಾಜರಿ ಪುಸ್ತಕದಲ್ಲಿ ಅಂಟಿಸುತ್ತಿದ್ದರು. ಮೇಷ್ಟ್ರಾಗಿದ್ದವರು. ಬಜಾರಿನಲ್ಲಿ ಮಾತೆಲ್ಲ ವೆಂಕಟೇಶ್ ಪ್ರಸಾದ್ ಬಗ್ಗೆ. ಜೂನ್ 8ರಂದು ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಪಂದ್ಯದಲ್ಲಿ ಪಾಕಿಸ್ತಾನದ ಐದು ವಿಕೆಟ್ ಕಿತ್ತಿದ್ದರಲ್ಲ, ಭಾರತ 47 ರನ್ನಿನಿಂದ ಗೆದ್ದಿತ್ತು. ಅಲ್ಲಿ ಗಡಿಯಲ್ಲಿ ಗುಂಡು, ಇಲ್ಲಿ ಬ್ಯಾಟು ಬಾಲು. ಕ್ಷೌರದ ಅಂಗಡಿಯವನು ನನ್ನ ತಲೆ ನೋಡಿ, "ಮಿಲ್ಟ್ರಿಯವ್ರು ಕಟಿಂಗ್ ಮಾಡಿಟ್ಟಾರ, ನನಗ ಏನೂ ಉಳಿಸಿಲ್ಲ" ಅಂತ ಹೇಳಿ ದುಡ್ಡು ತಗೊಳ್ಳದೆ ಕಳಿಸಿದ.

ಅವ್ವ ಮಾತ್ರ ಯುದ್ಧದ ಸುದ್ದಿ ಎತ್ತಲೇ ಇಲ್ಲ. ಹೊರಡುವ ಹಿಂದಿನ ರಾತ್ರಿ ಚಟ್ನಿಪುಡಿ ಡಬ್ಬಿಗೆ ಬಟ್ಟೆ ಬಿಗಿಯುತ್ತ ಕೇಳಿದಳು. "ಆಟ ಆಡವ್ರನ್ನ ಅಲ್ಲಿಗೆ ಕಳಸಂಗಿಲ್ಲಂತ, ಹೌದೇನಪಾ?" ಓಣಿಯಲ್ಲಿ ಯಾರೋ ಹೇಳಿದ್ದರಂತೆ.

"ಹೌದವ್ವ," ಅಂದೆ.

"ಹಂಗಾರ ಬಿಡಬ್ಯಾಡ. ಆಡ್ಕೋತ ಇರು."

ವಾಪಸ್ ಹೋಗುವಾಗ ಪುಣೆ ದಾಟಿದ ಮೇಲೆ ರೈಲಿನಲ್ಲಿ ರಜೆ ಅರ್ಧಕ್ಕೆ ಬಿಟ್ಟು ಹೊರಟ ಜವಾನರು ಸಿಗುತ್ತ ಹೋದರು. ಟಿಕೆಟ್ ಇಲ್ಲ, ಸೀಟಿಲ್ಲ, ಟ್ರಂಕಿನ ಮೇಲೆ ಕೂತಿದ್ದರು. ಜನ ಎದ್ದು ಜಾಗ ಬಿಡುತ್ತಿದ್ದರು. ಯಾವುದೋ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಕಿಟಕಿಯಿಂದ ಬಾಳೆಹಣ್ಣಿನ ಗೊನೆಯನ್ನೇ ಒಳಗೆ ತಳ್ಳಿದಳು. ನನ್ನ ಕಟಿಂಗ್ ನೋಡಿ ನನಗೂ ಎರಡು ಕೊಟ್ಟಳು. ತಿನ್ನಲು ನಾಚಿಕೆಯಾಯಿತು. ನಾನು ಹೋಗುತ್ತಿದ್ದದ್ದು ಬಾಸ್ಕೆಟ್‌ಬಾಲ್ ಆಡಲು, ಅಲ್ವಾ?

ಜುಲೈ ಬೆಳಿಗ್ಗೆಗಳು ಬೇರೆ ಥರ ಇದ್ದವು. ಪಿಟಿ ಮುಗಿಸಿ ಬಂದವರು ಮೊದಲು ಓಡುತ್ತಿದ್ದದ್ದು ಚಹಾಕ್ಕಲ್ಲ, ಪೇಪರ್ ಸ್ಟ್ಯಾಂಡಿಗೆ. ಟೈಗರ್ ಹಿಲ್ ಕೈಗೆ ಬಂದದ್ದು ಜುಲೈ 4ಕ್ಕೆ. ಎಲ್ಲರೂ ಕುಣಿದರು. ಆದರೆ ಗೆದ್ದ ಸುದ್ದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತಿದ್ದವು. ನಾನು ಮೊದಲು ಅಲ್ಲಿಗೇ ಬೆರಳಿಡುತ್ತಿದ್ದೆ. ಲಂಬೂ ಸರ್ ಹೆಸರಿಲ್ಲ. ಸರಿ, ಚಹಾ.

ಒಂದು ದಿನ ಮನೋಜ್ ಕುಮಾರ್ ಪಾಂಡೆ ಅನ್ನುವ ಹೆಸರು ಬಂತು. ಕಾರ್ಗಿಲ್‌ನ ಖಾಲೂಬಾರ್ ಗುಡ್ಡ, ಜುಲೈ 3. ಕೆಲವು ದಿನ ಬಿಟ್ಟು ಅನುಜ್ ನಯ್ಯರ್. ಇಬ್ಬರೂ ಎನ್‌ಡಿಎಯ 90ನೇ ಕೋರ್ಸಿನವರು. 1996ರಲ್ಲಿ ನಾನು ಖಡಕ್ವಾಸ್ಲಾದಲ್ಲಿ ಮೊದಲ ಟರ್ಮಿನವನಾಗಿದ್ದಾಗ ಅವರದು ಕೊನೆಯ ಟರ್ಮು. ನೀವು ಅವರನ್ನು ನೋಡಿದ್ರಾ ಅಂತ ಜನ ಕೇಳುತ್ತಾರೆ. ಮೊದಲ ಟರ್ಮಿನ ಹುಡುಗ ಕೊನೆಯ ಟರ್ಮಿನವರ ಮುಖ ನೋಡುವುದಿಲ್ಲ. ಶೂ ನೋಡುತ್ತಾನೆ. ಸಾವಿರಾರು ಜನರಿಗೆ ಒಂದೇ ಊಟದ ಹಾಲ್, ಒಂದೇ ಪರೇಡ್ ಮೈದಾನ. ಅವರ ಶೂ ನನ್ನ ಕಣ್ಣಿಗೆ ಬಿದ್ದೇ ಇರುತ್ತದೆ. ಅಷ್ಟೇ ಹೇಳಬಲ್ಲೆ. ಪಾಂಡೆ ಅವರಿಗೆ ಪರಮವೀರ ಚಕ್ರ, ನಯ್ಯರ್ ಅವರಿಗೆ ಮಹಾವೀರ ಚಕ್ರ. ಎರಡೂ ಅವರು ಹೋದ ಮೇಲೆ.

ಬಾಸ್ಕೆಟ್‌ಬಾಲ್ ನೋಡಿಕೊಳ್ಳುತ್ತಿದ್ದ ಸೇನೆಯ ಕ್ಯಾಪ್ಟನ್ ಸಾಹೇಬರು ನಾವು ರಜೆಯಲ್ಲಿದ್ದಾಗಲೇ ತಮ್ಮ ಯೂನಿಟ್ಟಿಗೆ ಹೊರಟುಹೋಗಿದ್ದರು. ಅವರ ವಿಸಿಲ್ ಮಾತ್ರ ಕಂಪನಿ ಆಫೀಸಿನ ಮೊಳೆಗೆ ನೇತಾಡುತ್ತಿತ್ತು. ಅವರನ್ನು ನಾನು ಮತ್ತೆ ಕಂಡದ್ದು ಆರು ವರ್ಷದ ನಂತರ, ಬೇರೆ ಊರಿನಲ್ಲಿ. ಆಟದ ಮಾತೇ ಬರಲಿಲ್ಲ.

ಹೀಗೆ ಕೋಚ್ ಇಲ್ಲ, ಆರಡಿ ದಾಟಿದವನು ಒಬ್ಬನೂ ಇಲ್ಲ, ಮೇಲಿಂದ ಡೆಹ್ರಾಡೂನ್ ಮಳೆ. ಬಿಜಾಪುರದಲ್ಲಿ ಬೆಳೆದವನಿಗೆ ಅಂಥ ಮಳೆ ಕನಸಿನಲ್ಲೂ ಗೊತ್ತಿಲ್ಲ. ಸಂಜೆ ನಾಲ್ಕಕ್ಕೆ ಮಳೆ ನಿಂತರೆ ಅರ್ಧ ಗಂಟೆ ಗೋಣಿಚೀಲದಿಂದ ಕೋರ್ಟ್ ಒರೆಸಬೇಕು. ಹಸಿ ಸಿಮೆಂಟಿನ ಮೇಲೆ ಕ್ಯಾನ್ವಾಸ್ ಶೂ ಸೋಪಿನ ಹಾಗೆ ಜಾರುತ್ತದೆ. ನೀರು ಕುಡಿದ ಬಾಲ್ ಕುಂಬಳಕಾಯಿ ಥರ ಭಾರ. ಎತ್ತರವಿಲ್ಲದ ನಾವು ಓಡಿ ಗೆಲ್ಲಬೇಕಿತ್ತು, ಓಡಲು ನೆಲವೇ ಬಿಡುತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆವು. ಡ್ರಿಬಲ್ ಬಿಟ್ಟುಬಿಟ್ಟೆವು. ಬಾಲ್ ನೆಲಕ್ಕೆ ತಾಗಿಸುವಂತಿಲ್ಲ, ಕೈಯಿಂದ ಕೈಗೆ ಪಾಸ್ ಮಾತ್ರ. ತಾಗಿಸಿದವನಿಗೆ ಹತ್ತು ಪುಷ್‌ಅಪ್. ಎರಡು ವಾರದಲ್ಲಿ ನಮ್ಮ ಆಟವೇ ಬದಲಾಯಿತು. ಮಳೆಗಾಲದಲ್ಲಿ ಬೇರೆ ಕಂಪನಿಯವರು ಜಾರಿ ಬೀಳುತ್ತಿದ್ದರೆ ನಾವು ನಿಂತಲ್ಲೇ ನಿಂತು ಪಾಸ್ ಮಾಡುತ್ತಿದ್ದೆವು. ಎರಡು ಪಂದ್ಯ ಹೀಗೇ ಗೆದ್ದೆವು. ನೋಡುವವರಿಗೆ ಬೇಜಾರು ಬಂದಿರಬೇಕು.

ಅಕಾಡೆಮಿಯನ್ನು ಚಕ್ರಾತಾ ರಸ್ತೆ ಸೀಳಿಕೊಂಡು ಹೋಗುತ್ತದೆ. ಬಸ್ಸು, ಲಾರಿ, ಸೈಕಲ್, ಎಲ್ಲ ಅದೇ ರಸ್ತೆಯಲ್ಲಿ. ಒಂದು ಸಂಜೆ ಪ್ರಾಕ್ಟೀಸ್ ನಡುವೆ ಆ ಕಡೆಯಿಂದ ಕೂಗು ಕೇಳಿಸಿತು. ಮೊದಲು ಯಾವುದೋ ಮೆರವಣಿಗೆ ಅಂದುಕೊಂಡೆವು. ಆಮೇಲೆ ಶಬ್ದ ಬಿಡಿಬಿಡಿಯಾಗಿ ಕಿವಿಗೆ ಬಿತ್ತು. "ಅಮರ್ ರಹೇ." ಹೂವು ಹೊದಿಸಿದ ಸೇನೆಯ ಲಾರಿ. ಹಿಂದೆ ಸ್ಕೂಟರು, ಸೈಕಲ್ಲು, ಓಡುವ ಹುಡುಗರು. ಹಿಂದಿನ ಯುದ್ಧಗಳಲ್ಲಿ ಸತ್ತವರಿಗೆ ಅಲ್ಲೇ ಸಂಸ್ಕಾರ ಮಾಡುತ್ತಿದ್ದರಂತೆ. ಈ ಯುದ್ಧದಲ್ಲಿ ದೇಹಗಳನ್ನು ಊರಿಗೆ ಕಳಿಸುತ್ತಿದ್ದರು. ಆಗಿನ್ನೂ ಉತ್ತರ ಪ್ರದೇಶದಲ್ಲೇ ಇದ್ದ ಆ ಗುಡ್ಡಗಾಡಿನ ಹಳ್ಳಿಗಳಲ್ಲಿ ಮನೆಗೊಬ್ಬ ಫೌಜಿ ಅನ್ನುವ ಹಾಗಿತ್ತು.

ನಾವು ಹತ್ತು ಜನ ಇದ್ದಲ್ಲೇ ಅಟೆನ್ಷನ್ ನಿಂತೆವು. ಬನಿಯನ್, ಚಡ್ಡಿ, ಮೈಯೆಲ್ಲ ಕೆಸರು. ಬಾಲ್ ಉರುಳುತ್ತ ಉರುಳುತ್ತ ಚರಂಡಿಗೆ ಬಿತ್ತು. ಕೂಗು ವಿಕಾಸನಗರದ ಕಡೆಗೆ ಸಣ್ಣದಾಗುತ್ತ ಹೋಯಿತು. ಆಮೇಲೂ ಯಾರೂ ಬಾಲ್ ತರಲು ಹೋಗಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಕೊಡಗಿನ ಗೆಳೆಯ, ಅವತ್ತು ಸುಮ್ನೆ ನೋಡಲು ಬಂದು ಕೂತಿದ್ದವನು, ಚರಂಡಿಗೆ ಇಳಿದು ಬಾಲ್ ತೆಗೆದ. ತನ್ನ ಅಂಗಿಯಿಂದ ಒರೆಸಿ ನನ್ನ ಕೈಗಿಟ್ಟ. "ಆಡಿ" ಅಂದ. ಆಡಿದೆವು. ಅವತ್ತು ಯಾರೂ ಸ್ಕೋರ್ ಎಣಿಸಲಿಲ್ಲ.

ಜುಲೈ 26ಕ್ಕೆ ಯುದ್ಧ ಮುಗಿಯಿತು ಅಂದರು. ನನ್ನ ಮಟ್ಟಿಗೆ ಅದು ಮುಗಿದದ್ದು ಆಗಸ್ಟ್ ಕೊನೆಗೆ, ಒಂದು ಇನ್‌ಲ್ಯಾಂಡ್ ಪತ್ರ ಬಂದಾಗ. ಮೇಲೆ '56 ಎಪಿಒ' ಅನ್ನುವ ಸೇನೆಯ ಅಂಚೆ ವಿಳಾಸವಷ್ಟೇ ಇತ್ತು, ಊರ ಹೆಸರಿಲ್ಲ. ಒಳಗೆ ಲಂಬೂ ಸರ್ ಅಕ್ಷರ. ಪೆನ್ಸಿಲಿನಲ್ಲಿ ಬರೆದಿದ್ದರು, ಅಲ್ಲಿ ಇಂಕ್ ಹೆಪ್ಪುಗಟ್ಟುತ್ತಂತೆ. "ಎರಡು ಹೆಜ್ಜೆ ಇಟ್ಟರೆ ಉಸಿರು ಸಾಲಲ್ಲ. ಫಾಸ್ಟ್ ಬ್ರೇಕ್ ಮರೆತುಬಿಡು. ಇಷ್ಟು ಎತ್ತರ ಇರುವುದು ಇಲ್ಲಿ ತೊಂದರೆ, ಬಂಕರಿನಲ್ಲಿ ದಿನಾ ತಲೆ ಹೊಡೆದುಕೊಳ್ಳುತ್ತೇನೆ. ಕಂಪನಿ ಎಲ್ಲಿಗೆ ಬಂತು? ಸೂಜಿ ಇದೆಯಾ?" ತಾನು ಏನು ನೋಡಿದೆ, ಏನು ಮಾಡಿದೆ, ಒಂದು ಅಕ್ಷರವಿಲ್ಲ.

ಪತ್ರವನ್ನು ಟೀಮಿನವರೆಲ್ಲ ಓದಿದರು. ನಂತರ ಸೆಮಿಫೈನಲ್‌ನಲ್ಲಿ ನಾವು ಆಡಿದ ಆಟ ನನಗೆ ಈಗಲೂ ಪೂರ್ತಿ ನೆನಪಿಲ್ಲ. ಗೆದ್ದೆವು ಅನ್ನುವುದಷ್ಟೇ ನೆನಪು.

ಫೈನಲ್ ನವೆಂಬರ್ ಮೊದಲ ವಾರ. ಅದಕ್ಕೆ ಮುಂಚೆ ಮೂರು ದಿನ ಬೆಟ್ಟದಲ್ಲಿ ಕ್ಯಾಂಪ್, ಎರಡು ರಾತ್ರಿ ಟ್ರೆಂಚ್ ತೋಡುವುದೇ ಕೆಲಸ. ಗುದ್ದಲಿ ಹಿಡಿದು ಬಲಗೈ ತೋರುಬೆರಳಿನ ಬುಡದಲ್ಲಿ ದೊಡ್ಡ ಬೊಬ್ಬೆ ಎದ್ದು ಒಡೆದಿತ್ತು. ಟೇಪ್ ಸುತ್ತಿಕೊಂಡು ಇಳಿದೆ. ಆಗ ಮಳೆಯಿಲ್ಲ, ಒಣ ಕೋರ್ಟು. ನಮ್ಮ ಮಳೆಗಾಲದ ಆಟ ಅಲ್ಲಿ ನಡೆಯಲಿಲ್ಲ. ಎದುರಿಗೆ ಹರಿಯಾಣದ ಆರಡಿ ನಾಲ್ಕಿಂಚಿನವನು ಮೇಲಿಂದ ಮೇಲೆ ಬಾಲ್ ಕಿತ್ತುಕೊಳ್ಳುತ್ತಿದ್ದ. ಹಾಫ್ ಹೊತ್ತಿಗೆ ಒಂಬತ್ತು ಪಾಯಿಂಟ್ ಹಿಂದೆ. ಆಮೇಲೆ ಅವನು ಸುಸ್ತಾದ. ನಾವೂ ಸುಸ್ತಾಗಿದ್ದೆವು, ಆದರೆ ನಮ್ಮ ಹತ್ತಿರ ಹೊತ್ತು ಓಡಬೇಕಾದ ಮೈ ಕಡಿಮೆ. ಒಂದೊಂದೇ ಪಾಯಿಂಟ್ ಅಂತರ ಕಡಿಮೆ ಮಾಡುತ್ತ ಬಂದೆವು.

ನಾಲ್ಕು ಸೆಕೆಂಡ್ ಉಳಿದಿತ್ತು. 41-43. ಲೇಅಪ್‌ಗೆ ಹಾರಿದೆ, ಆ ಎತ್ತರದವನೇ ನನ್ನ ಕೈ ಮೇಲೆ ಬಿದ್ದ. ವಿಸಿಲ್. ಎರಡು ಫ್ರೀ ಥ್ರೋ.

ಮೊದಲನೆಯದು ಒಳಗೆ. ಬಲೆ ಸದ್ದಿಲ್ಲದೆ ಅಲ್ಲಾಡಿತು. 42-43. ನಮ್ಮ ಕಂಪನಿಯವರು ಕೂಗಿದ್ದು ಮಸ್ಸೂರಿಗೆ ಕೇಳಿಸಿರಬೇಕು. ಎರಡನೆಯದು ರಿಂಗ್ ಮೇಲೆ ಬಿತ್ತು. ಸುತ್ತಿತು. ಇನ್ನೊಮ್ಮೆ ಸುತ್ತಿತು. ಹೊರಗೆ ಬಿತ್ತು.

ರಾತ್ರಿ ಎಸ್‌ಟಿಡಿ ಬೂತಿನ ಕ್ಯೂನಲ್ಲಿ ನಿಂತು ಮನೆಗೆ ಫೋನ್ ಮಾಡಿದೆ. ಮೀಟರಿನ ಕೆಂಪು ಅಂಕಿ ಏರುತ್ತಿತ್ತು. "ಉಂಡೀಯೇನಪಾ?" ಅಂದಳು ಅವ್ವ. ಉಂಡೆ ಅಂದೆ. "ಆಟ?" "ಸೋತ್ವಿ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸೋತ್ರೂ ಆಡವ್ರ ಲೆಕ್ಕದಾಗ ಇರ್ತೀಯಿಲ್ಲೋ?" ನಾನು ಹೇಳಿದ್ದ ಸುಳ್ಳನ್ನು ಅವಳಿನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ರೂಮಿಗೆ ಬಂದು ಲಂಬೂ ಸರ್‌ಗೆ ಪತ್ರ ಬರೆದೆ. ಸ್ಕೋರ್ ಬರೆದೆ. ಟ್ರೆಂಚ್, ಗುದ್ದಲಿ, ಬೊಬ್ಬೆ, ಟೇಪ್, ಎಲ್ಲವನ್ನೂ ವಿವರವಾಗಿ ಬರೆದೆ. ಕಾರ್ಗಿಲ್‌ನಲ್ಲಿ ಕೂತವರಿಗೆ ನನ್ನ ಬೆರಳಿನ ಬೊಬ್ಬೆಯ ಬಗ್ಗೆ ಒಂದೂವರೆ ಪುಟ. ಈಗ ನೆನೆಸಿಕೊಂಡರೆ ಮೈ ಮುದುಡುತ್ತದೆ.

ನವೆಂಬರ್ 17ರಂದು ಅಕಾಡೆಮಿಯಲ್ಲಿ ಹೊಸ ಯುದ್ಧ ಸ್ಮಾರಕ ತೆರೆಯಿತು. ತೆರೆದವರು ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ. 1932ರಲ್ಲಿ ಇದೇ ಅಕಾಡೆಮಿಯ ಮೊದಲ ಬ್ಯಾಚಿನಲ್ಲಿ ಕೆಡೆಟ್ ಆಗಿ ಬಂದವರು, ಈಗ ಎಂಬತ್ತೈದರ ಮುದುಕ. ಮೀಸೆ ಹಾಗೇ ಇತ್ತು. ಡಿಸೆಂಬರ್ 11ಕ್ಕೆ ನಮ್ಮ ಪರೇಡ್. ಅಪ್ಪ ಒಂದು ನಕ್ಷತ್ರದ ಬಟ್ಟೆ ಬಿಚ್ಚಿದರು, ಅವ್ವ ಇನ್ನೊಂದು. ಸೂಜಿಯನ್ನು ಜೂನಿಯರ್ ಒಬ್ಬನ ಕೈಗೆ ಕೊಟ್ಟು, ಲಂಬೂ ಸರ್ ಹೇಳಿದ್ದನ್ನೇ ಹೇಳಿದೆ.

ಲಂಬೂ ಸರ್ ಉತ್ತರ ನನಗೆ ಸಿಕ್ಕಿದ್ದು ಜನವರಿಯಲ್ಲಿ, ನನ್ನ ಮೊದಲ ಯೂನಿಟ್ಟಿನಲ್ಲಿ. ಅಕಾಡೆಮಿಗೆ ಹೋಗಿ, ಅಲ್ಲಿಂದ ಗದಗಿಗೆ ಹೋಗಿ, ಎರಡು ಸಲ ವಿಳಾಸ ಹೊಡೆದು ಹಾಕಿಸಿಕೊಂಡು ಬಂದಿತ್ತು. ಹಿಮ ಬಿದ್ದು ದಾರಿ ಮುಚ್ಚಿದೆ ಅಂತ ಎರಡು ಸಾಲು. ಅದರ ಕೆಳಗೆ, ಪೆನ್ಸಿಲ್ ಒತ್ತಿ ಬರೆದದ್ದು:

"ಬೊಬ್ಬೆ ಅಲ್ಲ. ಮೊಣಕೈ."